ಸೋಯಾ ಹಿಂಡಿಗೆ ಜೊತೆಯಾಗಿ ಬೇರೆ ಹಿಂಡಿಗಳು: ಬ್ರಾಯ್ಲರ್ ಆಹಾರದಲ್ಲಿ ಸಸ್ಯಜನ್ಯ ಪ್ರೋಟೀನ್ ಉಪೋತ್ಪನ್ನಗಳ ಬಳಕೆ

ಬ್ರಾಯ್ಲರ್ ಕೋಳಿ ಸಾಕಣೆಯ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ಆ ಆಹಾರದಲ್ಲಿ ಮೆಕ್ಕೆಜೋಳದ ನಂತರದ ದೊಡ್ಡ ಪಾಲು ಸೋಯಾ ಹಿಂಡಿಯದು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಲವೇ ತಿಂಗಳುಗಳಲ್ಲಿ ದುಪ್ಪಟ್ಟಾಗಿ, ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕುಲಾಂತರಿ ಸೋಯಾದಿಂದ ತಯಾರಾದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಗಿ ಬಂದುದನ್ನು ಕೋಳಿ ಸಾಕುವವರು ಯಾರೂ ಮರೆತಿರಲಾರರು. ಅದಾದ ಮೇಲೆ ಪರಿಸ್ಥಿತಿ ಇನ್ನೊಂದು ದಿಕ್ಕಿನಲ್ಲಿಯೂ ಬದಲಾಯಿತು. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮಕ್ಕಾಗಿ ಅಕ್ಕಿ ಮತ್ತು ಮೆಕ್ಕೆಜೋಳವನ್ನು ಹುದುಗಿಸುವ ಕಾರ್ಖಾನೆಗಳು ಹೆಚ್ಚಾದವು. ಅವುಗಳ ಉಪೋತ್ಪನ್ನವಾದ ಡಿಡಿಜಿಎಸ್ (ಎಥೆನಾಲ್ ತೆಗೆದ ಮೇಲೆ ಉಳಿದ ಧಾನ್ಯದ ಒಣಗಿಸಿದ ಪುಡಿ) ಮಾರುಕಟ್ಟೆಗೆ ಧಾರಾಳವಾಗಿ ಬರತೊಡಗಿತು. ಹೀಗಾಗಿ "ಸೋಯಾದ ಬದಲು ಏನು ಹಾಕಬಹುದು" ಎಂಬ ಪ್ರಶ್ನೆ ಈಗ ಬೆಲೆ ಏರಿದಾಗ ಮಾತ್ರ ಕೇಳುವ ಪ್ರಶ್ನೆಯಾಗಿ ಉಳಿದಿಲ್ಲ.

ಈ ಲೇಖನ ತಮ್ಮ ಆಹಾರವನ್ನು ತಾವೇ ಬೆರೆಸಿಕೊಳ್ಳುವ ರೈತರಿಗೆ ಮತ್ತು ಸುತ್ತಲಿನ ನಾಲ್ಕಾರು ಶೆಡ್‌ಗಳಿಗೆ ಫೀಡ್ ಮಾಡಿಕೊಡುವ ಸಣ್ಣ ಮಿಲ್‌ಗಳಿಗೆ. ಕಂಪನಿಯೊಂದಿಗೆ ಒಪ್ಪಂದದ ಮೇಲೆ ಸಾಕುವವರಿಗೆ ಮರಿಯೂ ಫೀಡೂ ಕಂಪನಿಯಿಂದಲೇ ಬರುವುದರಿಂದ, ಅವರು ಅದಕ್ಕೆ ತಮ್ಮ ಕಡೆಯಿಂದ ಏನನ್ನೂ ಬೆರೆಸಬಾರದು. ಬೆರೆಸಿದರೆ ಲೆಕ್ಕವೂ ಕೆಡುತ್ತದೆ, ಒಪ್ಪಂದವೂ ಕೆಡುತ್ತದೆ.

ಮೊದಲು ಗುರಿ ಯಾವುದೆಂದು ತಿಳಿದುಕೊಳ್ಳಿ

ಭಾರತೀಯ ಮಾನಕ ಸಂಸ್ಥೆಯ ಐಎಸ್ 1374 (2007) ಪ್ರಕಾರ ಬ್ರಾಯ್ಲರ್ ಪ್ರೀ-ಸ್ಟಾರ್ಟರ್‌ನಲ್ಲಿ ಕನಿಷ್ಠ ಶೇ 23, ಸ್ಟಾರ್ಟರ್‌ನಲ್ಲಿ ಶೇ 22, ಫಿನಿಶರ್‌ನಲ್ಲಿ ಶೇ 20 ಕಚ್ಚಾ ಪ್ರೋಟೀನ್ ಇರಬೇಕು. ಪ್ರೀ-ಸ್ಟಾರ್ಟರ್ ಎಂದರೆ ಎಳೆಮರಿಗಳ ಆಹಾರ, ಸ್ಟಾರ್ಟರ್ ಅದರ ನಂತರದ್ದು, ಫಿನಿಶರ್ ಕೊನೆಯ ಹಂತದ್ದು. ಶಕ್ತಿ ಕ್ರಮವಾಗಿ ಕಿಲೋಗೆ 3000, 3100 ಮತ್ತು 3200 ಕಿಲೋಕ್ಯಾಲೊರಿ. ನಾರಿನಂಶ ಶೇ 5 ಮೀರಬಾರದು, ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಬಿ1 ಪ್ರಮಾಣ 20 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ 20 ಪಾಲು) ದಾಟಬಾರದು. ನೀವು ಸಾಕುವ ತಳಿಯ ಕಂಪನಿ ಕೊಡುವ ಪೋಷಣಾ ಕೈಪಿಡಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಅಂಕಿಗಳಿರುತ್ತವೆ. ಎರಡೂ ಇದ್ದಾಗ ಕೈಪಿಡಿಯ ಅಮೈನೊ ಆಮ್ಲದ ಪಟ್ಟಿಯನ್ನು ಹಿಡಿದು ಲೆಕ್ಕ ಹಾಕುವುದು ಒಳಿತು.

ಕೋಳಿಗೆ ಪ್ರೋಟೀನ್ ಎಂಬುದು ಬೇಕಿಲ್ಲ, ಪ್ರೋಟೀನ್ ಒಡೆದಾಗ ಸಿಗುವ ಅಮೈನೊ ಆಮ್ಲಗಳು ಬೇಕು. ಅದರಲ್ಲೂ ಕರುಳಿನಲ್ಲಿ ನಿಜವಾಗಿ ಜೀರ್ಣವಾಗುವಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೋಯಾ ಹಿಂಡಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ: ಅದರಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಹೇರಳ, ಹತ್ತರಲ್ಲಿ ಒಂಬತ್ತು ಪಾಲು ಜೀರ್ಣವೂ ಆಗುತ್ತದೆ. ಬದಲಿಗೆ ಬರುವ ಬಹುತೇಕ ಎಲ್ಲ ಹಿಂಡಿಗಳಲ್ಲೂ ಲೈಸಿನ್ ಕಡಿಮೆ. ಶೇಂಗಾ, ಎಳ್ಳು, ಸೂರ್ಯಕಾಂತಿ, ಕೊಬ್ಬರಿ, ಮೆಕ್ಕೆಜೋಳದ ಗ್ಲುಟೆನ್, ಡಿಡಿಜಿಎಸ್ ಎಲ್ಲವೂ ಈ ಒಂದು ವಿಷಯದಲ್ಲಿ ಸಮಾನರು. ಆದ್ದರಿಂದ ಬದಲಿ ಹಿಂಡಿಯ ಚೀಲ ಕೊಳ್ಳುವ ಮೊದಲು ಎಲ್-ಲೈಸಿನ್ ಹೈಡ್ರೋಕ್ಲೋರೈಡ್‌ನ ಚೀಲ ಕೊಳ್ಳಬೇಕು. ಅದಕ್ಕೆ ಮನಸ್ಸಿಲ್ಲದವರು ಸೋಯಾವನ್ನೇ ಮುಂದುವರಿಸುವುದು ಲೇಸು.

ಯಾವ ಹಿಂಡಿ, ಎಷ್ಟರ ಮಟ್ಟಿಗೆ

ಅಕ್ಕಿ ಡಿಡಿಜಿಎಸ್‌ನಿಂದ ಆರಂಭಿಸೋಣ, ಏಕೆಂದರೆ ಈಗ ಹೆಚ್ಚಾಗಿ ಸಿಗುತ್ತಿರುವುದೂ, ಹೆಚ್ಚು ಮಂದಿ ಏಮಾರುತ್ತಿರುವುದೂ ಅದರಲ್ಲೇ. ಧಾನ್ಯದ ಪಿಷ್ಟವೆಲ್ಲ ಹುದುಗಿ ಮದ್ಯಸಾರವಾಗಿ ಹೋದ ಮೇಲೆ ಉಳಿಯುವ ಪ್ರೋಟೀನ್, ನಾರು, ಕೊಬ್ಬು ಮತ್ತು ಖನಿಜಗಳನ್ನು ಒಣಗಿಸಿದರೆ ಡಿಡಿಜಿಎಸ್ ಆಗುತ್ತದೆ. ಅಕ್ಕಿಯದರಲ್ಲಿ ಪ್ರೋಟೀನ್ ಶೇ 42ರಿಂದ 45, ಮೆಕ್ಕೆಜೋಳದ್ದರಲ್ಲಿ ಶೇ 26ರಿಂದ 30. ಅಕ್ಕಿಯದರ ಪ್ರೋಟೀನ್ ಪ್ರಮಾಣ ಸೋಯಾ ಹಿಂಡಿಗೆ ಸರಿಸಮವಾಗಿ ಕಾಣುವುದರಿಂದ, ಕಿಲೋಗೆ ಕಿಲೋ ಬದಲಿಸಿದರಾಯಿತು ಎಂದು ಮಾರಾಟಗಾರರು ಹೇಳುವುದುಂಟು. ಆದರೆ ಒಣಗಿಸುವಾಗ ಶಾಖ ಹೆಚ್ಚಾದರೆ ಲೈಸಿನ್ ಸಕ್ಕರೆಯೊಂದಿಗೆ ಸೇರಿ ಕೋಳಿಗೆ ದಕ್ಕದ ರೂಪಕ್ಕೆ ಹೋಗುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಪ್ರೋಟೀನ್ ಹಾಗೇ ಇರುತ್ತದೆ, ಕೋಳಿಯ ಎದೆಯ ಮಾಂಸ ಮಾತ್ರ ಬರುವುದಿಲ್ಲ.

ಎರಡನೆಯ ಅಪಾಯ ಬೂಷ್ಟಿನ ವಿಷ. ಹುದುಗುವಿಕೆಯಲ್ಲಿ ಪಿಷ್ಟ ಹೋಗುತ್ತದೆ, ಅಫ್ಲಾಟಾಕ್ಸಿನ್ ಹೋಗುವುದಿಲ್ಲ. ಶೇ 9ರಷ್ಟು ಪ್ರೋಟೀನ್ ಇದ್ದ ಮೆಕ್ಕೆಜೋಳ ಶೇ 28ರ ಡಿಡಿಜಿಎಸ್ ಆಯಿತೆಂದರೆ ಉಳಿದದ್ದೆಲ್ಲ ಸುಮಾರು ಮೂರು ಪಟ್ಟು ಸಾಂದ್ರವಾಯಿತು ಎಂದರ್ಥ. ಧಾನ್ಯದಲ್ಲಿದ್ದ ವಿಷವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಅಕ್ಕಿಯಲ್ಲಿ ಈ ಸಾಂದ್ರತೆ ಇನ್ನೂ ಜಾಸ್ತಿ. ಕಾರ್ಖಾನೆಗಳು ಮನುಷ್ಯರು ತಿನ್ನಲಾಗದ ಹಾಳು ಧಾನ್ಯವನ್ನೂ ಬಳಸಬಹುದಾದ್ದರಿಂದ, ಪ್ರತಿ ಲೋಡನ್ನೂ ಹೊಸ ಸರಕೆಂದೇ ಭಾವಿಸಿ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಗೆದ್ದ ಅಕ್ಕಿ ಡಿಡಿಜಿಎಸ್ ಅನ್ನು ಮೊದಲ ಹತ್ತು ದಿನದ ಮರಿಗಳಿಗೆ ಕೊಡದೆ, ಸ್ಟಾರ್ಟರ್‌ನಲ್ಲಿ ಶೇ 3ರಿಂದ 5, ಫಿನಿಶರ್‌ನಲ್ಲಿ ಶೇ 5ರಿಂದ 8 ಬಳಸಬಹುದು. ಇದಕ್ಕಿಂತ ಹೆಚ್ಚು ಹಾಕಿ ಗೆದ್ದವರಿದ್ದಾರೆ. ಅವರ ಬಳಿ ಪ್ರತಿ ಲೋಡಿನ ಅಮೈನೊ ಆಮ್ಲ ವರದಿಯೂ ಇರುತ್ತದೆ.

ಶೇಂಗಾ ಹಿಂಡಿ ನಮ್ಮ ಬಯಲುಸೀಮೆಯ ಹಳೆಯ ಸರಕು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸುತ್ತಮುತ್ತ ಇರುವವರಿಗೆ ಇದು ತಾಜಾ ಸಿಗುತ್ತದೆ. ಪ್ರೋಟೀನ್ ಶೇ 40ರಿಂದ 45 ಇದ್ದು, ಅರ್ಜಿನಿನ್ ಎಂಬ ಅಮೈನೊ ಆಮ್ಲ ಯಥೇಚ್ಛವಾಗಿದೆ. ಲೈಸಿನ್ ಮತ್ತು ಇನ್ನೊಂದು ಅಮೈನೊ ಆಮ್ಲವಾದ ಮಿಥಿಯೋನಿನ್ ಎರಡೂ ಕಡಿಮೆ. ಗಾಣದ ಅಥವಾ ಎಕ್ಸ್‌ಪೆಲ್ಲರ್ ಹಿಂಡಿಯಲ್ಲಿ ಶೇ 6ರಿಂದ 8ರಷ್ಟು ಎಣ್ಣೆ ಉಳಿದಿರುವುದರಿಂದ ಶಕ್ತಿ ಚೆನ್ನಾಗಿ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಕಾರಣ ಹುಡುಕುತ್ತಾ ಹೋದವರಿಗೆ ಈ ಬೂಷ್ಟಿನ ವಿಷ ಸಿಕ್ಕಿತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ ಶೇಂಗಾ ಹಿಂಡಿಯ ತಂಟೆಗೆ ಹೋಗದಿರುವುದೇ ಕ್ಷೇಮ. ಒಳ್ಳೆಯ ವರ್ಷದಲ್ಲಿ, ವರದಿ ಕೈಯಲ್ಲಿದ್ದರೆ, ಫಿನಿಶರ್‌ನಲ್ಲಿ ಶೇ 5ರಿಂದ 10.

ಸೂರ್ಯಕಾಂತಿ ಹಿಂಡಿಯಲ್ಲಿ ವಿಷವೆನ್ನುವಂಥದ್ದು ಏನೂ ಇಲ್ಲ, ಮಿಥಿಯೋನಿನ್ ಕೂಡ ಚೆನ್ನಾಗಿದೆ. ತೊಡಕು ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ತೆಗೆಯದೆ ಹಿಂಡಿದ ಸರಕಿನಲ್ಲಿ ಪ್ರೋಟೀನ್ ಶೇ 28ರಿಂದ 30 ಇದ್ದರೆ ನಾರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದನ್ನು ಶೇ 10 ಹಾಕಿದರೆ ಇದೊಂದರಿಂದಲೇ ಶೇ 2.5ರಿಂದ 3 ನಾರು ಬಂದು, ಮೆಕ್ಕೆಜೋಳ ಮತ್ತು ಸೋಯಾದ ನಾರು ಸೇರಿ ಒಟ್ಟು ಪ್ರಮಾಣ ಶೇ 5ರ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಶಕ್ತಿಯೂ ಕುಸಿಯುವುದರಿಂದ ಎಣ್ಣೆ ಸೇರಿಸಬೇಕಾಗುತ್ತದೆ, ಉಳಿಸಿದ ಹಣ ಎಣ್ಣೆಗೆ ಹೋಗುತ್ತದೆ. ಹಿಂಡಿಯನ್ನು ಪುಡಿ ಮಾಡಿ ಜರಡಿ ಹಿಡಿದರೆ ಸಿಪ್ಪೆಯ ದೊಡ್ಡ ಪಾಲು ಜರಡಿಯ ಮೇಲೆ ನಿಲ್ಲುತ್ತದೆ. ಕೆಳಗೆ ಬಿದ್ದ ಪುಡಿಯನ್ನು ಕೋಳಿಗೂ ಮೇಲೆ ನಿಂತದ್ದನ್ನು ದನಕ್ಕೂ ಬಳಸುವ ಈ ಪದ್ಧತಿ, ದನವಿರುವ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ಫಿನಿಶರ್‌ನಲ್ಲಿ ಶೇ 5 ಸಾಕು.

ಹತ್ತಿಕಾಳಿನ ಹಿಂಡಿ ರಾಯಚೂರು ಕಡೆ ಅಗ್ಗ. ಆದರೆ ಅಲ್ಲಿ ದನಗಳಿಗೆಂದು ಸಿಗುವ ಸಿಪ್ಪೆ ಸಹಿತವಾದ ಹಿಂಡಿ ಬ್ರಾಯ್ಲರ್‌ಗೆ ಒಗ್ಗದು. ಸಿಪ್ಪೆ ತೆಗೆದ, ಶೇ 40ರ ಆಸುಪಾಸಿನ ಪ್ರೋಟೀನ್ ಇರುವ ಸರಕೇ ಬೇಕು. ಇದರಲ್ಲಿರುವ ಗಾಸಿಪೋಲ್ ಎಂಬ ಹಳದಿ ವಸ್ತು ಲೈಸಿನ್ ಅನ್ನು ಕಟ್ಟಿಹಾಕುತ್ತದೆ, ಹೆಚ್ಚಾದರೆ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಮುಕ್ತ ಗಾಸಿಪೋಲ್‌ನ ತೂಕಕ್ಕೆ ಸಮನಾದ ಕಬ್ಬಿಣ ಸೇರಿಸಿದರೆ ಅದು ನಿಷ್ಕ್ರಿಯವಾಗುತ್ತದೆ. ಉದಾಹರಣೆಗೆ ಹಿಂಡಿಯಲ್ಲಿ ಮುಕ್ತ ಗಾಸಿಪೋಲ್ ಶೇ 0.04 ಇದೆ ಎಂದಿಟ್ಟುಕೊಳ್ಳಿ. ಒಂದು ಟನ್ ಆಹಾರಕ್ಕೆ 50 ಕಿಲೋ ಹಿಂಡಿ ಹಾಕಿದರೆ 20 ಗ್ರಾಂ ಗಾಸಿಪೋಲ್ ಬರುತ್ತದೆ; ಹರಳು ಫೆರಸ್ ಸಲ್ಫೇಟ್‌ನಲ್ಲಿ ಕಬ್ಬಿಣ ಐದನೇ ಒಂದು ಪಾಲು ಇರುವುದರಿಂದ 100 ಗ್ರಾಂ ಫೆರಸ್ ಸಲ್ಫೇಟ್ ಸೇರಿಸಿದರೆ ಸಾಕಾಗುತ್ತದೆ. ಮೊಟ್ಟೆ ಕೋಳಿಗೆ ಈ ಹಿಂಡಿ ಹಾಕಲೇಬೇಡಿ, ಇಟ್ಟ ಮೊಟ್ಟೆಯ ಹಳದಿ ಭಾಗದ ಬಣ್ಣ ಕೆಡುತ್ತದೆ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ, ಮೆಕ್ಕೆಜೋಳದ ಗ್ಲುಟೆನ್‌ನಲ್ಲಿ ಶೇ 60 ಪ್ರೋಟೀನ್ ಮತ್ತು ಒಳ್ಳೆಯ ಮಿಥಿಯೋನಿನ್ ಇದೆ, ಕೋಳಿಯ ಚರ್ಮಕ್ಕೆ ಹಳದಿ ಬಣ್ಣವನ್ನೂ ಕೊಡುತ್ತದೆ. ಶೇ 3ರಿಂದ 5 ಹಾಕಬಹುದು. ಗೋರಿಕಾಯಿ ಬೀಜದಿಂದ ಅಂಟು ತೆಗೆದ ಮೇಲೆ ಉಳಿಯುವ ಕೋರ್ಮಾ ಶೇ 50ಕ್ಕೂ ಹೆಚ್ಚು ಪ್ರೋಟೀನ್ ಹೊಂದಿದ್ದರೂ ಉಳಿದ ಅಂಟಿನಿಂದ ಹಿಕ್ಕೆ ಜಿಗುಟಾಗುತ್ತದೆ. ಹುರಿದ ಕೋರ್ಮಾ ಆದರೆ, ಆ ಅಂಟನ್ನು ಒಡೆಯುವ ಮ್ಯಾನನೇಸ್ ಕಿಣ್ವದೊಂದಿಗೆ, ಶೇ 3ರಿಂದ 5. ತಿಪಟೂರು ಕಡೆಯ ಕೊಬ್ಬರಿ ಹಿಂಡಿಯಲ್ಲಿ ಪ್ರೋಟೀನ್ ಶೇ 20ರಿಂದ 22 ಮಾತ್ರ. ಅದು ನೀರು ಹೀರಿ ಉಬ್ಬುವುದರಿಂದ ಕೋಳಿಯ ಹೊಟ್ಟೆ ಬೇಗ ತುಂಬಿ ತಿನ್ನುವ ಪ್ರಮಾಣ ಇಳಿಯುತ್ತದೆ. ಎಳ್ಳು ಹಿಂಡಿ ಮಿಥಿಯೋನಿನ್‌ಗೆ ಒಳ್ಳೆಯದು, ಸುಣ್ಣದಂಶವನ್ನು ಹಿಡಿದಿಡುವ ಗುಣವಿರುವುದರಿಂದ ಶೇ 5 ಮೀರಬಾರದು. ಕಲಬುರಗಿಯ ಬೇಳೆ ಮಿಲ್ಲುಗಳ ತೊಗರಿ ಚುನ್ನಿಯನ್ನು (ಸಿಪ್ಪೆ, ನುಚ್ಚಿನ ಉಳಿಕೆ) ದನಗಳಿಗೇ ಬಿಡಿ. ರಾಮನಗರ, ಶಿಡ್ಲಘಟ್ಟದವರು ರೇಷ್ಮೆ ಹುಳುವಿನ ಪ್ಯೂಪಾದ ಬಗ್ಗೆ ಕೇಳಬಹುದು. ಅದು ಉತ್ತಮ ಪ್ರೋಟೀನೇ ಹೌದು, ಆದರೆ ಪ್ರಾಣಿಜನ್ಯವಾದ್ದರಿಂದ ಇಲ್ಲಿ ಸೇರಿಸಿಲ್ಲ.

ಹೊಂಗೆ, ಬೇವು, ಹಿಪ್ಪೆ ಮತ್ತು ಹರಳು ಹಿಂಡಿಗಳು ಗೊಬ್ಬರಕ್ಕೆ ಸರಿ. ಹರಳು ಹಿಂಡಿಯಲ್ಲಿರುವ ರಿಸಿನ್ ಮಾರಕ ವಿಷ. ಗೊಬ್ಬರದ ಹಿಂಡಿಯನ್ನು ಪುಡಿ ಮಾಡಿದ ಯಂತ್ರದಲ್ಲೇ ಕೋಳಿ ಆಹಾರ ಪುಡಿ ಮಾಡಿಸುವುದನ್ನೂ ತಪ್ಪಿಸಬೇಕು.

ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆ

ಮಾದರಿ ತೆಗೆಯುವುದರಲ್ಲೇ ಅರ್ಧ ಪರೀಕ್ಷೆ ಮುಗಿದಂತೆ. ಬೂಷ್ಟು ಲೋಡಿನ ತುಂಬ ಸಮನಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಚೀಲದಲ್ಲಿ ಗಂಟಾಗಿ ಕೂತಿರುತ್ತದೆ. ಲಾರಿಯ ಹಿಂಬದಿಯ ಎರಡು ಚೀಲದಿಂದ ಒಂದು ಹಿಡಿ ತೆಗೆದು ಕಳಿಸಿದರೆ ಆ ವರದಿಗೆ ಬೆಲೆಯಿಲ್ಲ. ಕನಿಷ್ಠ ಹತ್ತು ಚೀಲಗಳನ್ನು ಲಾರಿಯ ಬೇರೆ ಬೇರೆ ಕಡೆಯಿಂದ ಆರಿಸಿ, ಚೀಲಕ್ಕೆ ಚುಚ್ಚುವ ಕೊಳವೆಯಿಂದ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ತೆಗೆದು ಸ್ವಚ್ಛವಾದ ತಾಡಪಾಲಿನ ಮೇಲೆ ಸುರಿದು ಬೆರೆಸಿ. ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸುತ್ತಾ, ಒಂದು ಕಿಲೋಗೆ ಇಳಿಸಿಕೊಳ್ಳಿ. ಅರ್ಧ ಪ್ರಯೋಗಾಲಯಕ್ಕೆ, ಇನ್ನರ್ಧ ತಾರೀಕು ಬರೆದು ನಿಮ್ಮ ಬಳಿ.

ಕಣ್ಣು ಮೂಗುಗಳೂ ಒಂದಿಷ್ಟು ಹೇಳುತ್ತವೆ. ಒಳ್ಳೆಯ ಡಿಡಿಜಿಎಸ್ ಹೊನ್ನಿನ ಬಣ್ಣದಿಂದ ತಿಳಿ ಕಂದು ಬಣ್ಣದವರೆಗೆ ಇರುತ್ತದೆ, ಹಿಟ್ಟು ಹುಳಿ ಬಂದಂಥ ಹಿತವಾದ ವಾಸನೆ ಇರುತ್ತದೆ. ಕಾಫಿ ಪುಡಿಯಂತೆ ಕಪ್ಪಾಗಿದ್ದು ಸೀದ ವಾಸನೆ ಬಂದರೆ ಲೈಸಿನ್ ಸುಟ್ಟಿದೆಯೆಂದೇ ತಿಳಿಯಬೇಕು. ಒಂದು ಚಮಚ ಹಿಂಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ, ಹೊಟ್ಟು ಮೇಲೆ ತೇಲುತ್ತದೆ. ಲೋಟವನ್ನು ನಿಧಾನ ಓರೆ ಮಾಡಿದಾಗ ತಳದಲ್ಲಿ ಕರಕರ ಎನ್ನುವ ಗೆರೆ ಕಂಡರೆ ಆ ಲೋಡನ್ನು ಹಿಂದಕ್ಕೆ ಕಳಿಸಲು ಬೇರೆ ಕಾರಣ ಬೇಕಿಲ್ಲ.

ಯೂರಿಯಾ ಬೆರಕೆ ಇದಕ್ಕಿಂತ ಜಾಣತನದ ಮೋಸ. ಪ್ರಯೋಗಾಲಯದಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಯೂರಿಯಾದಲ್ಲಿ ಶೇ 46 ಸಾರಜನಕ ಇರುವುದರಿಂದ, 100 ಕಿಲೋ ಸರಕಿಗೆ ಬರೀ 3 ಕಿಲೋ ಯೂರಿಯಾ ಸೇರಿಸಿದರೆ ವರದಿಯಲ್ಲಿ ಪ್ರೋಟೀನ್ ಏಳಕ್ಕೂ ಹೆಚ್ಚು ಅಂಶ ಏರಿಬಿಡುತ್ತದೆ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಬಳಸಿಕೊಳ್ಳಬಲ್ಲವು. ಕೋಳಿಗೆ ಅದು ಬರೀ ಹೊರೆ. ಪತ್ತೆಗೆ ಮನೆಯಲ್ಲೇ ಮಾಡಬಹುದಾದ ವಿಧಾನವೊಂದಿದೆ. ಹುರಿಯದ ಸೋಯಾ ಕಾಳನ್ನು ನುಣ್ಣಗೆ ಪುಡಿ ಮಾಡಿ ಒಂದು ಚಮಚ, ಸಂಶಯವಿರುವ ಹಿಂಡಿ ನಾಲ್ಕು ಚಮಚ, ಉಗುರುಬೆಚ್ಚಗಿನ ನೀರು ಅರ್ಧ ಲೋಟ, ಇವನ್ನು ಮುಚ್ಚಳವಿರುವ ಬಾಟಲಿಗೆ ಹಾಕಿ ಕುಲುಕಿ, ಅರ್ಧ ಗಂಟೆ ಬಿಟ್ಟು ಮುಚ್ಚಳ ತೆರೆಯಿರಿ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುವುದರಿಂದ, ಬೆರಕೆ ಇದ್ದರೆ ಮೂಗಿಗೆ ಘಾಟು ಹೊಡೆಯುತ್ತದೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಬಾಟಲಿಯ ಬಾಯಲ್ಲಿ ಹಿಡಿದರೆ ನೀಲಿಯಾಗುತ್ತದೆ. ಪಕ್ಕದಲ್ಲಿ ನಂಬಿಕೆಯ ಹಿಂಡಿಯಿಂದ ಇನ್ನೊಂದು ಬಾಟಲಿ ಮಾಡಿಟ್ಟುಕೊಂಡರೆ ಹೋಲಿಸಲು ಅನುಕೂಲ.

ಪ್ರಯೋಗಾಲಯಕ್ಕೆ ಕಳಿಸುವಾಗ ಪ್ರೋಟೀನ್ ಒಂದನ್ನೇ ಕೇಳಬೇಡಿ. ತೇವಾಂಶ, ಪ್ರೋಟೀನ್, ನಾರು, ಆಮ್ಲದಲ್ಲಿ ಕರಗದ ಬೂದಿ (ಮರಳಿನ ಬೆರಕೆ ತೋರಿಸುವುದು), ಅಫ್ಲಾಟಾಕ್ಸಿನ್ ಮತ್ತು ಸಾಧ್ಯವಾದರೆ ಲೈಸಿನ್, ಇಷ್ಟು ಇರಲಿ. ಮೆಕ್ಕೆಜೋಳದ ಡಿಡಿಜಿಎಸ್‌ನಲ್ಲಿ ಲೈಸಿನ್ ಪ್ರಮಾಣವು ಪ್ರೋಟೀನ್‌ನ ಶೇ 2.8ಕ್ಕಿಂತ ಕಡಿಮೆ ಬಂದರೆ ಅತಿಯಾದ ಶಾಖ ತಗುಲಿದೆಯೆಂದು ಸಂಶಯಿಸಬೇಕು. ಪೋಷಣೆಯ ವಿಷಯದಲ್ಲಿ ಮಾರ್ಗದರ್ಶನಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ, ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಗಳನ್ನು ಸಂಪರ್ಕಿಸಬಹುದು.

ಅಫ್ಲಾಟಾಕ್ಸಿನ್ ವರದಿಯನ್ನು ಓದುವಾಗ ಹಿಂಡಿಯ ಅಂಕಿಯೊಂದನ್ನೇ ನೋಡದೆ ಇಡೀ ಆಹಾರದ ಲೆಕ್ಕ ಹಾಕಿ. ಡಿಡಿಜಿಎಸ್‌ನಲ್ಲಿ 60 ಪಿಪಿಬಿ ಇದ್ದು ಶೇ 10 ಹಾಕಿದರೆ ಅದರಿಂದ 6. ಮೆಕ್ಕೆಜೋಳದಲ್ಲಿ 15 ಇದ್ದು ಶೇ 60 ಹಾಕಿದರೆ ಅದರಿಂದ 9. ಒಟ್ಟು 15, ಮಿತಿಯೊಳಗೇ ಇದೆ. ಮಳೆಗಾಲದಲ್ಲಿ ಮೆಕ್ಕೆಜೋಳವೇ 30ಕ್ಕೆ ಏರಿದರೆ ಅದರಿಂದಲೇ 18 ಬರುತ್ತದೆ. ಆಗ ಇದೇ ಡಿಡಿಜಿಎಸ್ ಹಾಕಿದರೆ ಮಿತಿ ದಾಟಿತು.

ಲೈಸಿನ್ ಲೆಕ್ಕ

ಒಂದು ಟನ್ ಫಿನಿಶರ್‌ನಲ್ಲಿ 50 ಕಿಲೋ ಸೋಯಾ ಹಿಂಡಿ ತೆಗೆದು 50 ಕಿಲೋ ಅಕ್ಕಿ ಡಿಡಿಜಿಎಸ್ ಹಾಕುತ್ತೇವೆ ಎಂದುಕೊಳ್ಳಿ. ಸೋಯಾ ಹಿಂಡಿಯಲ್ಲಿ ಜೀರ್ಣವಾಗುವ ಲೈಸಿನ್ ಶೇ 2.5ರಂತೆ ಹಿಡಿದರೆ 50 ಕಿಲೋದಲ್ಲಿ 1250 ಗ್ರಾಂ. ಡಿಡಿಜಿಎಸ್‌ನಲ್ಲಿ ಶೇ 0.9ರಂತೆ ಹಿಡಿದರೆ 450 ಗ್ರಾಂ. ಕೊರತೆ 800 ಗ್ರಾಂ. ಮಾರುಕಟ್ಟೆಯ ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಲೈಸಿನ್ ಶೇ 78 ಇರುವುದರಿಂದ 800 ಅನ್ನು 0.78ರಿಂದ ಭಾಗಿಸಿದರೆ 1026 ಗ್ರಾಂ, ಅಂದರೆ ಸುಮಾರು ಒಂದು ಕಿಲೋ. ಪ್ರೋಟೀನ್ ಒಂದನ್ನೇ ನೋಡುವವರು ಈ ಒಂದು ಕಿಲೋವನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಡಿಡಿಜಿಎಸ್ ಕೋಳಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಸ್ವಲ್ಪ ಥ್ರಿಯೋನಿನ್ (ಮತ್ತೊಂದು ಅಮೈನೊ ಆಮ್ಲ) ಕೂಡ ಕೊರತೆ ಬೀಳುತ್ತದೆ. ಮಿಥಿಯೋನಿನ್ ಅನ್ನು ತಳಿ ಕೈಪಿಡಿಯ ಪಟ್ಟಿಗೆ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಶೇಂಗಾ ಅಥವಾ ಸೂರ್ಯಕಾಂತಿಗೆ ಲೆಕ್ಕದ ಕ್ರಮ ಇದೇ ಆದರೂ, ಸೂರ್ಯಕಾಂತಿಯಲ್ಲಿ ಪ್ರೋಟೀನೂ ಶಕ್ತಿಯೂ ಕಡಿಮೆಯಾದ್ದರಿಂದ ಸಮತೂಕದ ಬದಲಾವಣೆ ಅಲ್ಲಿ ನಡೆಯುವುದಿಲ್ಲ.

ಈಗ ಹಣದ ಲೆಕ್ಕ. ಬೆಲೆಗಳು ವಾರಕ್ಕೊಂದು ಥರ ಇರುವುದರಿಂದ ಈ ಅಂಕಿಗಳನ್ನು ಮಾದರಿಯಾಗಿ ಮಾತ್ರ ತೆಗೆದುಕೊಂಡು ನಿಮ್ಮೂರಿನ ಬೆಲೆ ಹಾಕಿಕೊಳ್ಳಿ. ಸೋಯಾ ಹಿಂಡಿ ಕಿಲೋಗೆ 45 ರೂಪಾಯಿ, ಡಿಡಿಜಿಎಸ್ 30 ರೂಪಾಯಿ ಆದರೆ 50 ಕಿಲೋದ ಮೇಲೆ ಉಳಿತಾಯ 750. ಲೈಸಿನ್‌ಗೆ 170, ಥ್ರಿಯೋನಿನ್ ಮತ್ತು ಬೂಷ್ಟಿನ ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್‌ಗೆ 130 ಕಳೆದರೆ ಟನ್ನಿಗೆ 450 ರೂಪಾಯಿ, ಅಂದರೆ ಕಿಲೋಗೆ 45 ಪೈಸೆ ಉಳಿಯಿತು. ಒಂದು ಕೋಳಿ ಈ ಆಹಾರವನ್ನು 3 ಕಿಲೋ ತಿಂದರೆ ಕೋಳಿಗೆ 1.35 ರೂಪಾಯಿ ಲಾಭ. ಇನ್ನು ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ಕೋಳಿ ತಿನ್ನುವ ಆಹಾರದ ಕಿಲೋ) 1.60 ಇದ್ದದ್ದು 1.62 ಆಯಿತೆಂದುಕೊಳ್ಳಿ. 2.2 ಕಿಲೋ ತೂಕದ ಕೋಳಿ 44 ಗ್ರಾಂ ಆಹಾರ ಹೆಚ್ಚು ತಿಂದಿತು; ಆಹಾರ ಕಿಲೋಗೆ 38 ರೂಪಾಯಿಯಾದರೆ 1.67 ರೂಪಾಯಿ ಹೋಯಿತು. ಕಣ್ಣಿಗೆ ಕಾಣದ 0.02ರ ವ್ಯತ್ಯಾಸ ಇಡೀ ಉಳಿತಾಯವನ್ನು ನುಂಗಿ ಮೇಲೆ ಮೂವತ್ತು ಪೈಸೆ ಕೇಳುತ್ತದೆ. ಹೀಗಿರುವಾಗ ಎರಡು ಹಿಂಡಿಗಳ ನಡುವಿನ ಬೆಲೆಯ ಅಂತರ ಕಿಲೋಗೆ ನಾಲ್ಕೈದು ರೂಪಾಯಿಗೆ ಇಳಿದ ತಿಂಗಳು, ಬದಲಿ ಹಿಂಡಿಯ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಬೆರೆಸುವ ಕ್ರಮ

ಹಿಂಡಿ ಮೆಕ್ಕೆಜೋಳಕ್ಕಿಂತ ನುಣುಪಾಗಿ ಅಥವಾ ಗಟ್ಟಿ ಚಕ್ಕೆಗಳಾಗಿ ಇರಬಾರದು. ಮ್ಯಾಶ್ (ಗುಳಿಗೆ ಮಾಡದ ಪುಡಿ ಆಹಾರ) ಕೊಡುವವರ ಶೆಡ್‌ನಲ್ಲಿ ಕೋಳಿಗಳು ಕಾಳಿನ ಚೂರನ್ನು ಆರಿಸಿ ತಿಂದು ಪುಡಿಯನ್ನು ಬಿಡುತ್ತವೆ, ಬಿಟ್ಟ ಪುಡಿಯಲ್ಲೇ ನಿಮ್ಮ ಪ್ರೋಟೀನ್ ಇರುತ್ತದೆ. ಎಕ್ಸ್‌ಪೆಲ್ಲರ್ ಹಿಂಡಿಯ ಬಿಲ್ಲೆಗಳನ್ನು ಮೊದಲು ಒಡೆದು, ಮೆಕ್ಕೆಜೋಳಕ್ಕೆ ಬಳಸುವ ಜರಡಿಯಲ್ಲೇ ಪುಡಿ ಮಾಡಿ. ಆಹಾರವನ್ನು ಗುಳಿಗೆ ಮಾಡುವ ಪೆಲೆಟ್ ಯಂತ್ರವಿದ್ದರೆ ನಾರು ಹೆಚ್ಚಿರುವ ಹಿಂಡಿಗಳ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ.

ಲೈಸಿನ್, ಮಿಥಿಯೋನಿನ್, ಥ್ರಿಯೋನಿನ್, ಕಿಣ್ವ, ವಿಟಮಿನ್ ಮುಂತಾದ ಸಣ್ಣ ಪ್ರಮಾಣದವುಗಳನ್ನು ನೇರವಾಗಿ ಮಿಕ್ಸರ್‌ಗೆ ಸುರಿಯದೆ, 10 ಕಿಲೋ ಪುಡಿ ಮಾಡಿದ ಮೆಕ್ಕೆಜೋಳದಲ್ಲಿ ಕೈಯಿಂದ ಚೆನ್ನಾಗಿ ಕಲಸಿಕೊಂಡು ಆಮೇಲೆ ಸೇರಿಸಿ. ನೇರ ನಿಂತ ಮಿಕ್ಸರ್‌ಗೆ ಹನ್ನೆರಡರಿಂದ ಹದಿನೈದು ನಿಮಿಷ, ಅಡ್ಡ ರಿಬ್ಬನ್ ಮಿಕ್ಸರ್‌ಗೆ ನಾಲ್ಕೈದು ನಿಮಿಷ ಬೇಕು. ಎಣ್ಣೆಯನ್ನು ಒಣ ಸಾಮಗ್ರಿ ಬೆರೆತ ನಂತರವೇ ಹಾಕಬೇಕು.

ಉಪ್ಪಿನ ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಸೋಯಾ ಹಿಂಡಿ ಪೊಟ್ಯಾಸಿಯಂನ ದೊಡ್ಡ ಮೂಲ. ಅದು ಕಡಿಮೆಯಾದಾಗ ಪೊಟ್ಯಾಸಿಯಂ ಇಳಿಯುತ್ತದೆ, ಸೇರಿಸಿದ ಲೈಸಿನ್ ಹೈಡ್ರೋಕ್ಲೋರೈಡ್‌ನಿಂದ ಕ್ಲೋರೈಡ್ ಏರುತ್ತದೆ. ಹೀಗಾಗಿ ಟನ್ನಿಗೆ 3.5ರಿಂದ 4 ಕಿಲೋ ಉಪ್ಪು ಹಾಕುತ್ತಿದ್ದವರು ಅದನ್ನು 2.5 ಕಿಲೋಗೆ ಇಳಿಸಿ, ಉಳಿದ ಸೋಡಿಯಂ ಅನ್ನು 1.5ರಿಂದ 2 ಕಿಲೋ ಅಡುಗೆ ಸೋಡಾದಿಂದ ತುಂಬುವುದು ಒಳ್ಳೆಯದು, ಬೇಸಿಗೆಯಲ್ಲಂತೂ ಇನ್ನೂ ಒಳ್ಳೆಯದು. ಡಿಡಿಜಿಎಸ್‌ನಲ್ಲಿ ಸೋಡಿಯಂ ಪ್ರಮಾಣ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುವುದರಿಂದ, ಹೊಸ ಲೋಡು ಬಂದ ಮೇಲೆ ಶೆಡ್‌ನ ಹೊಟ್ಟಿನ ಹಾಸು ಇದ್ದಕ್ಕಿದ್ದಂತೆ ಒದ್ದೆಯಾದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಕಿಣ್ವಗಳಲ್ಲಿ ರಂಜಕವನ್ನು ಬಿಡಿಸಿಕೊಡುವ ಫೈಟೇಸ್ ಅನ್ನು ಕಿಲೋ ಆಹಾರಕ್ಕೆ 500 ಯೂನಿಟ್‌ನಂತೆ ಎಲ್ಲ ಸೂತ್ರಗಳಲ್ಲೂ ಬಳಸಬಹುದು. ಡಿಡಿಜಿಎಸ್ ಮತ್ತು ಸೂರ್ಯಕಾಂತಿಗೆ ನಾರನ್ನು ಒಡೆಯುವ ಜೈಲನೇಸ್ ಇರುವ ಮಿಶ್ರ ಕಿಣ್ವ, ಗೋರಿಕಾಯಿ ಮತ್ತು ಕೊಬ್ಬರಿಗೆ ಮ್ಯಾನನೇಸ್.

ದಾಸ್ತಾನಿನ ವಿಷಯದಲ್ಲಿ ಹೊಸದೇನಿಲ್ಲ: ತೇವಾಂಶ ಶೇ 11 ಮೀರಿದ ಹಿಂಡಿ ಇಳಿಸಿಕೊಳ್ಳಬೇಡಿ, ಚೀಲಗಳು ಹಲಗೆಯ ಮೇಲೆ ಗೋಡೆಯಿಂದ ಒಂದಡಿ ದೂರವಿರಲಿ, ಮೊದಲು ಬಂದದ್ದು ಮೊದಲು ಖಾಲಿಯಾಗಲಿ, ಮುಂಗಾರಿನಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ಕೊಳ್ಳಿ.

ಶೆಡ್‌ನಲ್ಲಿ ಪರೀಕ್ಷಿಸುವುದು

ಇಡೀ ಬ್ಯಾಚಿಗೆ ಒಮ್ಮೆಲೇ ಹೊಸ ಆಹಾರ ಹಾಕಿದರೆ, ಫಲಿತಾಂಶ ಕೆಟ್ಟಾಗ ಅದು ಹಿಂಡಿಯಿಂದಲೋ ಮರಿಯಿಂದಲೋ ಹವಾಮಾನದಿಂದಲೋ ಎಂದು ಹೇಳಲು ಬರುವುದಿಲ್ಲ. ಒಂದೇ ದಿನ ಬಂದ, ಒಂದೇ ಹ್ಯಾಚರಿಯ ಮರಿಗಳಿರುವ ಶೆಡ್‌ನ ನಡುವೆ ಜಾಲರಿ ಕಟ್ಟಿ ಎರಡು ಭಾಗ ಮಾಡಿ. ಎರಡೂ ಕಡೆ ಕೋಳಿಗಳ ಸಂಖ್ಯೆ, ಫೀಡರ್, ಡ್ರಿಂಕರ್, ಗಾಳಿ ಸಮನಾಗಿರಲಿ. ಒಂದು ಕಡೆ ಹಳೆಯ ಸೂತ್ರ, ಇನ್ನೊಂದು ಕಡೆ ಹೊಸದು. ಬದಲಾವಣೆಯನ್ನು ಮೂರ್ನಾಲ್ಕು ದಿನಗಳಲ್ಲಿ ಹಳೆಯದರೊಂದಿಗೆ ಬೆರೆಸುತ್ತಾ ತನ್ನಿ. ಎರಡೂ ಕಡೆಯ ಚೀಲಗಳನ್ನು ಬೇರೆ ಬಣ್ಣದ ದಾರದಿಂದ ಹೊಲಿಸಿದರೆ ಕೆಲಸದವರಿಗೆ ಗೊಂದಲವಾಗುವುದಿಲ್ಲ.

21, 28 ಮತ್ತು 35ನೇ ದಿನ ಪ್ರತಿ ಭಾಗದಿಂದ ಕನಿಷ್ಠ 50 ಕೋಳಿಗಳನ್ನು ತೂಗಿ. ಹಿಡಿಯಲು ಸುಲಭವಾಗಿ ಸಿಗುವ ಕೋಳಿಗಳನ್ನು ಆರಿಸಬಾರದು. ಒಂದು ಮೂಲೆಯಲ್ಲಿ ತಡೆಹಲಗೆ ಹಾಕಿ ಒಳಗೆ ಸಿಕ್ಕಿದ ಎಲ್ಲವನ್ನೂ, ಸೊರಗಿದವನ್ನೂ ಬಿಡದೆ ತೂಗಬೇಕು. ಹಾಕಿದ ಆಹಾರ, ಫೀಡರ್‌ನಲ್ಲಿ ಉಳಿದದ್ದು, ಸತ್ತ ಕೋಳಿಗಳ ಸಂಖ್ಯೆ ಮತ್ತು ತೂಕ, ಇವು ಪ್ರತಿದಿನದ ಪುಸ್ತಕದಲ್ಲಿರಲಿ. ತೂಕ ಸಮನಾಗಿದ್ದರೂ ಒಂದು ಕಡೆ ಕೋಳಿಗಳು ಹೆಚ್ಚು ತಿಂದಿದ್ದರೆ ಶಕ್ತಿ ಕಡಿಮೆ ಬಿದ್ದಿದೆ ಎಂದರ್ಥ. ತಿಂದದ್ದು ಸಮನಾಗಿದ್ದು ತೂಕ ಕಡಿಮೆಯಾಗಿದ್ದರೆ ಲೈಸಿನ್ ಕಡೆಗೆ ನೋಡಿ. ಗರಿ ಒರಟಾಗಿ ನಿಂತಿದ್ದು, ಕೋಳಿಗಳು ದೊಡ್ಡವು ಚಿಕ್ಕವು ಎಂದು ಎದ್ದು ಕಾಣುವಷ್ಟು ಏರುಪೇರಾಗಿದ್ದರೆ, ಸತ್ತ ಕೋಳಿಯನ್ನು ಪಶುವೈದ್ಯರಿಂದ ಕೊಯ್ಯಿಸಿ ಯಕೃತ್ತು ನೋಡಿಸಬೇಕು. ಹಳದಿಗಟ್ಟಿ ಊದಿದ, ಮುಟ್ಟಿದರೆ ಪುಡಿಯಾಗುವ ಯಕೃತ್ತು ಅಫ್ಲಾಟಾಕ್ಸಿನ್‌ನ ಸುಳಿವು. ಆ ದಿನವೇ ಹೊಸ ಆಹಾರ ನಿಲ್ಲಿಸಿ, ಎತ್ತಿಟ್ಟ ಅರ್ಧ ಕಿಲೋ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ.

ಎರಡು ಬ್ಯಾಚ್‌ಗಳಲ್ಲಿ, ಅದರಲ್ಲೊಂದು ಮಳೆಗಾಲದ್ದಾಗಿ, ಎಫ್‌ಸಿಆರ್ ವ್ಯತ್ಯಾಸ 0.01ರೊಳಗೆ ಉಳಿದರೆ ಆ ಹಿಂಡಿಯನ್ನು ಅದೇ ಪ್ರಮಾಣದಲ್ಲಿ ಇಡೀ ಶೆಡ್‌ಗೆ ವಿಸ್ತರಿಸಬಹುದು. ಪ್ರಮಾಣ ಏರಿಸುವುದಾದರೆ ಒಮ್ಮೆಗೆ ಶೇ 2ಕ್ಕಿಂತ ಹೆಚ್ಚು ಬೇಡ, ಮತ್ತು ಏರಿಸಿದ ಪ್ರತಿ ಸಲವೂ ಲೈಸಿನ್ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಸರಬರಾಜುದಾರರು ಬದಲಾದರೆ, ಹಿಂಡಿಯ ಹೆಸರು ಅದೇ ಇದ್ದರೂ, ಜಾಲರಿಯನ್ನು ಮತ್ತೆ ಕಟ್ಟಿ.